ಮಾಹಿತಿ ಕೇಳಿದವರಿಗೆ ಕೊಟ್ಟ ಕಥೆ: ಮಿತಿಯಾರ್ಜುಕ್ ನಪ್ಪಾಲುಕ್ ಅವರ ‘ಸನಾಕ್’

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗವನ್ನು ಅಲ್ಲಿಯ ಮೂಲನಿವಾಸಿಗಳಾದ ಇನುಯಿಟ್ ಜನ ನುನಾವಿಕ್ ಎಂದು ಕರೆಯುತ್ತಾರೆ. ಹದಿನಾಲ್ಕು ಊರುಗಳ ಈ ಪ್ರದೇಶವನ್ನು ದಕ್ಷಿಣದ ನಗರಗಳಿಗೆ ಕೂಡಿಸುವ ರಸ್ತೆ ಇಂದಿಗೂ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೇ ಸಮುದ್ರದ ಮಂಜುಗಡ್ಡೆ ಕರಗಿದ ಮೇಲೆ ಬರುವ ಹಡಗಿಗೆ ಕಾಯಬೇಕು. ಆ ಹದಿನಾಲ್ಕರಲ್ಲಿ ಒಂದು, ಹಡ್ಸನ್ ಜಲಸಂಧಿಯ ದಂಡೆಯಲ್ಲಿರುವ ಕಂಗಿಕ್ಸುಯುವಾಕ್. ಆ ಊರಿನ ಮಿತಿಯಾರ್ಜುಕ್ ನಪ್ಪಾಲುಕ್ (೧೯೩೧-೨೦೦೭) ಅವರು ತಮ್ಮ ಭಾಷೆಯಾದ ಇನುಕ್ಟಿಟುಟ್‌ನಲ್ಲಿ ಬರೆದ ‘ಸನಾಕ್’ ಎಂಬ ಕಾದಂಬರಿ ಪ್ರಸ್ತುತ ಲೇಖನದ ವಸ್ತು. ೧೯೫೦ರ ದಶಕದ ಮೊದಲ ವರ್ಷಗಳಲ್ಲಿ ಆರಂಭವಾದ ಈ ಬರವಣಿಗೆ ಪುಸ್ತಕವಾಗಿ ಬಂದದ್ದು ೧೯೮೪ರಲ್ಲಿ. ಫ್ರೆಂಚ್ ಅನುವಾದ ೨೦೦೨ರಲ್ಲಿ ಬಂದಿತು. ಆ ಫ್ರೆಂಚಿನಿಂದ ಪೀಟರ್ ಫ್ರಾಸ್ಟ್ ಮಾಡಿದ ಇಂಗ್ಲಿಷ್ ಅನುವಾದ ೨೦೧೪ರಲ್ಲಿ. ನಾನು ಓದಿರುವುದು ಈ ಮೂರನೆಯದನ್ನು. ಆದುದರಿಂದ ಮುಂದಿನ ಮಾತುಗಳೆಲ್ಲ ಎರಡು ಹೊಳೆ ದಾಟಿ ಬಂದ ಪಠ್ಯವೊಂದನ್ನು ಕುರಿತವು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಈ ಮಿತಿಯ ವಿಚಾರಕ್ಕೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಕೃತಿ ಹುಟ್ಟಿದ ಸಂದರ್ಭವನ್ನು ಮೊದಲು ತಿಳಿಯುವುದು ಅಗತ್ಯ. ಅಲ್ಲಿ ನೆಲೆಸಿದ್ದ ಕ್ಯಾಥೊಲಿಕ್ ಪಾದ್ರಿಗಳಿಗೆ ಧರ್ಮಪ್ರಚಾರದ ಸಲುವಾಗಿ ಜನರ ಭಾಷೆಯನ್ನು ಚೆನ್ನಾಗಿ ಕಲಿಯಬೇಕಾಗಿತ್ತು. ದಿನಬಳಕೆಯ ಪದಗಳು ಆದಷ್ಟು ಹೆಚ್ಚಾಗಿ ಬರುವಂತೆ ವಾಕ್ಯಗಳನ್ನು ಬರೆದುಕೊಡಬೇಕೆಂದು ಅವರು ಇಪ್ಪತ್ತರ ಆಸುಪಾಸಿನ ವಯಸ್ಸಿನ ಮಿತಿಯಾರ್ಜುಕ್ ಅವರನ್ನು ಕೇಳಿಕೊಂಡರು. ಬೇಟೆ ಮತ್ತು ಹೊಲಿಗೆ, ಅಂದರೆ ಗಂಡಸರ ಕೆಲಸ ಹೆಂಗಸರ ಕೆಲಸ ಎರಡನ್ನೂ ಬಲ್ಲವರಾದ್ದರಿಂದ ಪದಸಂಪತ್ತಿಗೆ ಕೊರತೆಯಿರಲಿಲ್ಲ. ಬರೆಯಲು ಕುಳಿತವರು ಪದಗಳ ಪಟ್ಟಿಯಲ್ಲಿ ನಿಲ್ಲಲಿಲ್ಲ. ಪದವನ್ನು ಆಡುವುದಕ್ಕೆ ಒಬ್ಬಳು ಹೆಂಗಸು ಬೇಕಾದಳು. ಅವಳಿಗೆ ಒಬ್ಬ ಮಗಳು, ಒಬ್ಬ ತಂಗಿ, ನೆರೆಹೊರೆ, ನಾಯಿಗಳು, ಕಾಲಾನಂತರದಲ್ಲಿ ಒಬ್ಬ ಗಂಡ ಬಂದ. ಬಿಟ್ಟು ಬಿಟ್ಟು ಹಲವು ವರ್ಷ ಸಾಗಿದ ಈ ಬರಹವನ್ನು ಮುಂದುವರಿಸುವಂತೆ ಒತ್ತಾಯಿಸಿದವರು, ಲೆವಿ-ಸ್ಟ್ರಾಸ್ ಅವರ ಶಿಷ್ಯರಾಗಿ ೧೯೬೦ರ ದಶಕದಲ್ಲಿ ಆ ಊರಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಮಾನವಶಾಸ್ತ್ರಜ್ಞ ಬರ್ನಾರ್ ಸಲದ್ಯಾಂ ದಾಂಗ್ಲ್ಯೂರ್. ಮೂಲವನ್ನು ಅಚ್ಚಿಗೆ ಸಿದ್ಧಗೊಳಿಸಿದವರೂ ಫ್ರೆಂಚಿಗೆ ತಂದವರೂ ಅವರೇ. ಪಾದ್ರಿಗಳಿಗೆ ಬೇಕಾಗಿದ್ದದ್ದು ಭಾಷೆ. ಮಾನವಶಾಸ್ತ್ರಜ್ಞರಿಗೆ ಬೇಕಾಗಿದ್ದದ್ದು ಸಂಸ್ಕೃತಿ. ಕೇಳಿದವರು ಇಬ್ಬರೂ ಮಾಹಿತಿಯನ್ನೇ ಕೇಳಿದರು. ಕೈಗೆ ಬಂದದ್ದು ಒಂದು ಕಥೆ.

ಇಂಥ ಕೇಳಿಕೆಗಳು ನಮಗೆ ಹೊಸತಲ್ಲ. ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ಅವರ ಕೋಶದ ಹಿಂದೆಯೂ ಧರ್ಮಪ್ರಚಾರದ ಒತ್ತಾಸೆಯಿತ್ತು, ಪದಗಳನ್ನು ಹೇಳಿಕೊಟ್ಟ ಜನರಿದ್ದರು. ಆ ಜನರಲ್ಲಿ ಯಾರಾದರೂ ಪದ ಹೇಳುವ ನೆಪದಲ್ಲಿ ಕಾದಂಬರಿ ಬರೆದಿಟ್ಟದ್ದನ್ನು ನಾನು ಕಾಣೆ. ನಮ್ಮ ಕಾಲದ ಬುಡಕಟ್ಟು ಅಧ್ಯಯನಗಳನ್ನೇ ನೋಡಿದರೂ ಹಾಡಿದವರ ಹೆಸರು ಒಳಪುಟದ ಕೃತಜ್ಞತೆಯಲ್ಲಿ, ಸಂಪಾದಿಸಿದವರ ಹೆಸರು ಮುಖಪುಟದಲ್ಲಿ ಇರುವುದೇ ವಾಡಿಕೆ. ‘ಸನಾಕ್’ ಕೃತಿಯ ಮುಖಪುಟದಲ್ಲಿ ಲೇಖಕಿಯ ಹೆಸರಿದೆ. ಇದು ಸಣ್ಣ ವಿಷಯವಲ್ಲ. ಆದರೆ ಈ ಕೃತಿಯನ್ನು ಓದುವ ಕ್ರಮ ಮಾತ್ರ ಬಹಳ ಮಟ್ಟಿಗೆ ಮಾಹಿತಿಯನ್ನು ಓದುವ ಕ್ರಮವಾಗಿಯೇ ಉಳಿದಿದೆ. ಸೀಲ್ ಬೇಟೆ ಹೇಗೆ, ಕಾಯಾಕ್ ದೋಣಿಗೆ ಚರ್ಮ ಹೊದಿಸುವುದು ಹೇಗೆ, ಹಿಮದ ಮನೆ ಕಟ್ಟುವುದು ಹೇಗೆ ಎಂದು ತಿಳಿಯಲು ‘ಸನಾಕ್’ ಓದಬೇಕೆನ್ನುವವರೇ ಹೆಚ್ಚು. ಇದಕ್ಕೆ ಎದುರಾಗಿ ನಿಂತಿರುವ ಇನ್ನೊಂದು ಹೊಗಳಿಕೆಯೂ ಉಂಟು: ಒಂದು ಕಾದಂಬರಿಯನ್ನೂ ಓದಿರದ ಹೆಣ್ಣುಮಗಳೊಬ್ಬಳು ಕಾದಂಬರಿ ಪ್ರಕಾರವನ್ನು ತಾನೇ ಹೊಸದಾಗಿ ಕಂಡುಕೊಂಡಳು ಎಂಬುದು. ಕೇಳಲು ಇದು ದೊಡ್ಡ ಗೌರವ. ಆದರೆ ಈ ಗೌರವದ ಅಳತೆಗೋಲು ಯೂರೋಪಿನದು. ಯೂರೋಪು ಇನ್ನೂರು ಮುನ್ನೂರು ವರ್ಷಗಳಲ್ಲಿ ತಲುಪಿದ ಜಾಗಕ್ಕೆ ಈಕೆ ಒಂಟಿಯಾಗಿ ಬಂದು ಮುಟ್ಟಿದಳು ಎನ್ನುವಾಗ, ಆಕೆ ಹೊರಟದ್ದು ಎಲ್ಲಿಂದ ಎಂಬ ಪ್ರಶ್ನೆ ಬಿಟ್ಟುಹೋಗುತ್ತದೆ.

ಹೊರಟ ಜಾಗದ ಗುರುತು ೧೯೮೪ರ ಪುಸ್ತಕದ ಹೆಸರಿನಲ್ಲೇ ಇದೆ: ‘ಸನಾಕ್ ಉನಿಕ್ಕಾಉಸಿಙ್ಙುವಾಕ್’. (ನಮ್ಮ ವರ್ಣಮಾಲೆಯಲ್ಲಿ ಸುಮ್ಮನೆ ಕುಳಿತಿರುವ ‘ಙ’ಕಾರಕ್ಕೆ ಈ ಭಾಷೆಯಲ್ಲಿ ಬಿಡುವಿಲ್ಲದ ಕೆಲಸ.) ಇನುಯಿಟ್ ಕಥನ ಪರಂಪರೆಯಲ್ಲಿ ತಲೆಮಾರುಗಳಿಂದ ಬಂದ ಪುರಾಣ, ಐತಿಹ್ಯಗಳಿಗೆ ಉನಿಕ್ಕಾತುವಾಕ್ ಎಂದೂ, ಕಂಡದ್ದು ಅನುಭವಿಸಿದ್ದು ಹೇಳುವ ವೃತ್ತಾಂತಕ್ಕೆ ಉನಿಕ್ಕಾಉಸಿಕ್ ಎಂದೂ ಹೆಸರು. ಎರಡನೆಯದಕ್ಕೆ ‘ಙ್ಙುವಾಕ್’ ಎಂಬ ಪ್ರತ್ಯಯ ಸೇರಿದಾಗ ನಮ್ಮ ಪುಸ್ತಕದ ಪ್ರಕಾರನಾಮ ಸಿದ್ಧವಾಗುತ್ತದೆ. ಆ ಪ್ರತ್ಯಯಕ್ಕೆ ಹೋಲಿಕೆ, ಅನುಕರಣೆ, ಆಟಿಕೆ ಎಂಬ ಅರ್ಥಛಾಯೆಗಳಿವೆ. ಇನುಕ್ ಎಂದರೆ ಮನುಷ್ಯ. ಇನುಙ್ಙುವಾಕ್ ಎಂದರೆ ಮನುಷ್ಯನ ಹೋಲಿಕೆಯಲ್ಲಿ ಮಾಡಿದ ಆಕೃತಿ. ಹಾಗಾದರೆ ಉನಿಕ್ಕಾಉಸಿಙ್ಙುವಾಕ್ ಎಂದರೆ ಕಂಡ ಬಾಳಿನ ವೃತ್ತಾಂತದ ಹೋಲಿಕೆಯಲ್ಲಿ ಮಾಡಿದ್ದು, ಬಾಳಿನ ಬೊಂಬೆ. ನಾಯಕಿಯ ಹೆಸರಿನಲ್ಲಿ ಕೇಳಿಸುವ ‘ಸನ’ ಎಂಬುದೂ ಕೈಯಿಂದ ಮಾಡು, ಕೆಲಸ ಮಾಡು ಎಂಬರ್ಥದ ಧಾತು. ಅಂದ ಮೇಲೆ ಮಿತಿಯಾರ್ಜುಕ್ ಅವರು ಇಲ್ಲದ ಪ್ರಕಾರವನ್ನು ಶೂನ್ಯದಿಂದ ಸೃಷ್ಟಿಸಿದರು ಎನ್ನುವುದಕ್ಕಿಂತ, ತಮ್ಮಲ್ಲಿದ್ದ ವೃತ್ತಾಂತಕ್ಕೆ ಕಲ್ಪನೆಯ ಪ್ರತ್ಯಯವೊಂದನ್ನು ಜೋಡಿಸಿದರು ಎನ್ನುವುದು ಹೆಚ್ಚು ಸರಿಯಾದೀತು. ಅಂಟುಪ್ರತ್ಯಯಗಳ ಭಾಷೆಯಲ್ಲಿ ಹುಟ್ಟಿದ ನಮಗೆ ಈ ಬಗೆಯ ಸೃಷ್ಟಿ ಅಪರಿಚಿತವಾಗಬಾರದು.

ಬರೆದ ಲಿಪಿಯ ಬಗೆಗೂ ಒಂದು ಮಾತು. ಜೇಮ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ ೧೮೪೦ರಲ್ಲಿ ಕ್ರೀ ಜನರ ಭಾಷೆಗಾಗಿ ರೂಪಿಸಿದ ಅಕ್ಷರಮಾಲೆಯನ್ನು ಮುಂದೆ ಹಾರ್ಡನ್, ವಾಟ್ಕಿನ್ಸ್ ಮೊದಲಾದ ಆಂಗ್ಲಿಕನ್ ಪಾದ್ರಿಗಳು ಇನುಕ್ಟಿಟುಟ್‌ಗೆ ಹೊಂದಿಸಿದರು. ೧೮೭೬ರಲ್ಲಿ ಆ ಸೀಮೆಗೆ ಬಂದ ಎಡ್ಮಂಡ್ ಪೆಕ್ ಅದನ್ನು ಹರಡಿದರು. ಇದರಲ್ಲಿ ವ್ಯಂಜನದ ಆಕೃತಿ ಬದಲಾಗುವುದಿಲ್ಲ, ಅದು ಮುಖ ಮಾಡುವ ದಿಕ್ಕು ಬದಲಾಗುತ್ತದೆ. ನಾವು ತಲೆಕಟ್ಟು, ಗುಡಿಸು, ಕೊಂಬುಗಳನ್ನು ಹಚ್ಚುವ ಕಡೆ ಅವರು ಅಕ್ಷರವನ್ನೇ ತಿರುಗಿಸುತ್ತಾರೆ. ಇವಾನ್ಸ್ ಅವರ ಲಿಪಿಯ ಹಿಂದೆ ಶೀಘ್ರಲಿಪಿಯ ಜೊತೆಗೆ ದೇವನಾಗರಿಯ ಮಾದರಿಯೂ ಇತ್ತೆಂದು ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ. ನಮ್ಮ ಕಾಗುಣಿತದ ದೂರದ ಸೋದರಿಯೊಬ್ಬಳು ಧ್ರುವಪ್ರದೇಶದ ಅಂಚಿನಲ್ಲಿ ಸಂಸಾರ ಹೂಡಿದ್ದಾಳೆ ಎಂದರೆ ಉತ್ಪ್ರೇಕ್ಷೆಯಾಗಲಾರದು. ಮಿತಿಯಾರ್ಜುಕ್ ಅವರು ಬರೆದದ್ದು ಈ ಲಿಪಿಯಲ್ಲಿ.

ಇನ್ನು ಕೃತಿಗೆ ಬರೋಣ. ನಲವತ್ತೆಂಟು ಪ್ರಸಂಗಗಳು. ಸನಾಕ್ ಒಬ್ಬಳು ತರುಣ ವಿಧವೆ, ಗಟ್ಟಿ ಬಾಯಿಯವಳು. ಮಗಳು ಕುಮಾಕ್ ಚಿಕ್ಕವಳು. ತಂಗಿ ಅರ್ನಾತುಯಿನ್ನಾಕ್. ಋತು ಬದಲಾದಂತೆ ಬಿಡಾರ ಬದಲಾಯಿಸುವ ಕೆಲವೇ ಕುಟುಂಬಗಳ ಗುಂಪು. ಮೊದಲ ಪ್ರಸಂಗದಲ್ಲಿ ಸನಾಕ್ ಚಾಪೆಗೆ ಬೇಕಾದ ಕುರುಚಲು ಗಿಡದ ಕೊಂಬೆಗಳನ್ನು ತರಲು ಹೊರಡುತ್ತಾಳೆ. ಮರವೆಂಬುದೇ ಬೆಳೆಯದ ನೆಲ ಅದು. ಮಲಗುವ ಚರ್ಮದ ಕೆಳಗೆ ಹಾಸಲು ಈ ಕೊಂಬೆಗಳೇ ಗತಿ. ಹೊರಡುವ ಮುನ್ನ ಅವಳು ಚೀಲಕ್ಕೆ ಹಾಕಿಕೊಂಡ ವಸ್ತುಗಳನ್ನು ಲೇಖಕಿ ಒಂದೊಂದಾಗಿ ಹೇಳುತ್ತಾರೆ: ಹೊರೆ ಹೊರುವ ಪಟ್ಟಿ, ಊಲು ಎಂಬ ಹೆಂಗಸರ ಅರ್ಧಚಂದ್ರಾಕಾರದ ಕತ್ತಿ, ಹೀಗೆ. ಪಾದ್ರಿಗಳಿಗೆ ಪದ ಒದಗಿಸಬೇಕೆಂಬ ಮೂಲ ಉದ್ದೇಶ ಇಲ್ಲಿ ಎದ್ದು ಕಾಣುತ್ತದೆ. ಆದರೆ ಈ ಪಟ್ಟಿ ನಿಘಂಟಿನ ಪಟ್ಟಿಯಲ್ಲ. ಒಂಟಿ ಹೆಂಗಸೊಬ್ಬಳು ಮನೆಯಿಂದ ದೂರ ಹೋಗುವಾಗ ಏನನ್ನು ಮರೆತರೆ ಏನಾದೀತೆಂಬ ಲೆಕ್ಕಾಚಾರ ಅದರೊಳಗಿದೆ. ಗಂಡನಿಲ್ಲದವಳ ಸ್ಥಿತಿಯನ್ನು ಲೇಖಕಿ ವಿವರಿಸುವುದಿಲ್ಲ. ಚೀಲ ಅದನ್ನು ಹೇಳುತ್ತದೆ. ಕೃತಿಯುದ್ದಕ್ಕೂ ವಸ್ತುಗಳ ಹೆಸರುಗಳು ಈ ರೀತಿಯಲ್ಲೇ ಬರುತ್ತವೆ. ಕೈಗೆ ಎತ್ತಿಕೊಳ್ಳುವವರಿಲ್ಲದೆ ಒಂದು ವಸ್ತುವೂ ಪುಟಕ್ಕೆ ಬರುವುದಿಲ್ಲ.

ಮಂಜುಗಡ್ಡೆಯ ಕೆಳಗೆ ಇಳಿದು ಚಿಪ್ಪುಜೀವಿಗಳನ್ನು ಆರಿಸುವ ಸನ್ನಿವೇಶವನ್ನು ಈ ದೃಷ್ಟಿಯಿಂದ ನೋಡಬೇಕು. ಆ ತೀರದಲ್ಲಿ ಭರತ ಇಳಿತಗಳ ಅಂತರ ಬಹಳ ದೊಡ್ಡದು, ಹತ್ತು ಮೀಟರಿನ ಆಸುಪಾಸು. ಚಳಿಗಾಲದಲ್ಲಿ ಸಮುದ್ರದ ಮೇಲೆ ಗಡ್ಡೆ ಕಟ್ಟಿರುತ್ತದೆ. ಇಳಿತದ ಹೊತ್ತಿಗೆ ಕೆಳಗಿನ ನೀರು ಹಿಂದೆ ಸರಿದು, ದಡದ ಬಂಡೆಗಳ ಮೇಲೆ ಆತುಕೊಂಡ ಗಡ್ಡೆ ಚಾವಣಿಯಂತೆ ನಿಲ್ಲುತ್ತದೆ. ಅದರಲ್ಲಿ ತೂತು ಕೊರೆದು ಒಳಗಿಳಿದು, ನೀರು ಮರಳುವುದರೊಳಗೆ ಕೈಗೆ ಸಿಕ್ಕಷ್ಟನ್ನು ಆರಿಸಿಕೊಂಡು ಮೇಲೆ ಬರಬೇಕು. ಹೊರಗಿನಿಂದ ಬಂದ ಲೇಖಕನ ಕೈಗೆ ಇದು ಸಿಕ್ಕಿದ್ದರೆ ಸಾಹಸದ ದೊಡ್ಡ ಅಧ್ಯಾಯವೇ ಆಗುತ್ತಿತ್ತು. ನೀಲಿ ಬೆಳಕಿನ ಗುಹೆಯ ವರ್ಣನೆಗೆ ಎರಡು ಪುಟ ಹೋಗುತ್ತಿತ್ತು. ಮಿತಿಯಾರ್ಜುಕ್ ಅವರಲ್ಲಿ ಅದು ಹೆಂಗಸರ ಕೆಲಸ, ಮಾತು, ಅವಸರ. ನೀರಿನ ಭಯವೂ ಅವರ ಮಾತಿನ ನಡುವೆಯೇ ಬರುತ್ತದೆ. ಚಳಿಯನ್ನು ಬಣ್ಣಿಸುವುದಕ್ಕೆಂದೇ ನಿಂತ ಪುಟ ಈ ಇಡೀ ಪುಸ್ತಕದಲ್ಲಿ ನನಗೆ ಸಿಗಲಿಲ್ಲ. ‘ದೂರದ ಪ್ರದೇಶ’ ಎಂಬ ಕಲ್ಪನೆಯೂ ಇಲ್ಲ. ದೂರವೆಂಬುದು ಬರುವವರ ಅನುಭವ. ಸನಾಕ್ ಇರುವ ಜಾಗ ಅವಳಿಗೆ ನಡುಮನೆ. ಅವಳಿಗೆ ದೂರವೆನಿಸುವುದು ಕಲ್ಲುನಾಟ್, ಅಂದರೆ ಬಿಳಿಯರು, ಎಲ್ಲಿಂದ ಬರುತ್ತಾರೋ ಆ ದಕ್ಷಿಣ.

ಇದೇ ನುನಾವಿಕ್‌ನ ಪಶ್ಚಿಮ ತೀರದ ಇನುಕ್ಜುವಾಕ್ ಪರಿಸರದಲ್ಲಿ ೧೯೨೦-೨೧ರಲ್ಲಿ ರಾಬರ್ಟ್ ಫ್ಲಾಹರ್ಟಿ ಚಿತ್ರೀಕರಿಸಿ ೧೯೨೨ರಲ್ಲಿ ಬಿಡುಗಡೆ ಮಾಡಿದ ‘ನಾನೂಕ್ ಆಫ್ ದ ನಾರ್ತ್’ ಚಿತ್ರವನ್ನು ಇಲ್ಲಿ ನೆನೆಯುವುದು ಅನಿವಾರ್ಯ. ಇನುಯಿಟ್ ಬಾಳಿನ ಚಿತ್ರ ಲೋಕದ ಕಣ್ಣಲ್ಲಿ ಅಚ್ಚಾದದ್ದು ಅದರಿಂದಲೇ. ನಾಯಕನ ಪಾತ್ರ ವಹಿಸಿದವರ ನಿಜವಾದ ಹೆಸರು ಅಲ್ಲಕರಿಯಲ್ಲಕ್. ಬಂದೂಕು ಬಳಕೆಗೆ ಬಂದಿದ್ದ ಕಾಲದಲ್ಲಿ ಅವರ ಕೈಗೆ ಈಟಿ ಕೊಟ್ಟು ಬೇಟೆಯಾಡಿಸಲಾಯಿತು. ಬೆಳಕಿಗಾಗಿ ಹಿಮದ ಮನೆಯನ್ನು ಅರ್ಧಕ್ಕೆ ಕತ್ತರಿಸಲಾಯಿತು. ಗ್ರಾಮಫೋನು ಏನೆಂದು ಅರಿಯದವರಂತೆ ಅವರಿಂದ ಅಭಿನಯ ಮಾಡಿಸಲಾಯಿತು. ಚಿತ್ರದ ಕಲಾತ್ಮಕತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸಿದವನು ನೋಡಲು ಬಂದವನು. ‘ಸನಾಕ್’ ಕಾದಂಬರಿಯಲ್ಲಿ ಇಂಥ ಶುದ್ಧೀಕರಣವಿಲ್ಲ. ಹಳೆಯ ಬಾಳಿನ ನಡುವೆ ಬಿಳಿಯರು ತಂದ ಸರಕು, ಅವರ ಔಷಧ, ಅವರ ದೇವರು ಎಲ್ಲವೂ ಬಂದು ಸೇರಿಕೊಳ್ಳುತ್ತವೆ. ಜನ ಅವುಗಳನ್ನು ನೋಡಿ ನಗುತ್ತಾರೆ, ಬಳಸುತ್ತಾರೆ, ಕೆಲವೊಮ್ಮೆ ಹೆದರುತ್ತಾರೆ. ಯಾವುದು ಅಸಲಿ ಯಾವುದು ಬೆರಕೆ ಎಂಬ ಚಿಂತೆ ಅಲ್ಲಿಯ ಜನಕ್ಕಿಲ್ಲ. ಅದು ಸಂಶೋಧಕರಾದ ನಮ್ಮ ಚಿಂತೆ.

ಕೃತಿಯ ಕಠಿಣ ಭಾಗ ಸನಾಕ್‌ಳ ಎರಡನೆಯ ದಾಂಪತ್ಯ. ಕಲಿಂಗು ಎಂಬಾತ ಅವಳ ಗಂಡನಾಗುತ್ತಾನೆ. ಒಳ್ಳೆಯ ಬೇಟೆಗಾರ. ಒಂದು ಪ್ರಸಂಗದಲ್ಲಿ ಅವನು ಅವಳನ್ನು ಹೊಡೆಯುತ್ತಾನೆ. ಪೆಟ್ಟು ಸಣ್ಣದಲ್ಲ, ಚಿಕಿತ್ಸೆಗಾಗಿ ಅವಳು ಬಿಳಿಯರ ಲೋಕಕ್ಕೆ ಹೋಗಬೇಕಾಗುತ್ತದೆ. ಈ ಭಾಗವನ್ನು ಎರಡು ಬಗೆಯಲ್ಲಿ ವಿವರಿಸಿ ಮುಗಿಸಿಬಿಡುವ ಆಮಿಷ ವಿಮರ್ಶಕನಿಗೆ ಇರುತ್ತದೆ. ಇದು ಆ ಸಮಾಜದ ರೂಢಿ ಎಂದು ಹೇಳಬಹುದು. ಇಲ್ಲವೇ ಹೊರಗಿನವರ ಸಂಪರ್ಕದಿಂದ ಸಮಾಜ ಕುಸಿದದ್ದರ ಲಕ್ಷಣ ಎಂದು ಹೇಳಬಹುದು. ಎರಡರಲ್ಲೂ ಕಲಿಂಗು ತಪ್ಪಿಸಿಕೊಳ್ಳುತ್ತಾನೆ. ಮೊದಲನೆಯದರಲ್ಲಿ ಹೊಡೆದದ್ದು ಸಂಸ್ಕೃತಿ, ಎರಡನೆಯದರಲ್ಲಿ ಹೊಡೆದದ್ದು ಇತಿಹಾಸ. ಲೇಖಕಿ ಇಂಥ ಯಾವ ಆಸರೆಯನ್ನೂ ಅವನಿಗೆ ಒದಗಿಸುವುದಿಲ್ಲ. ಹಾಗೆಂದು ಅವನನ್ನು ರಾಕ್ಷಸನನ್ನಾಗಿಯೂ ಮಾಡುವುದಿಲ್ಲ. ಚೀಲಕ್ಕೆ ವಸ್ತು ಹಾಕುವುದನ್ನು ಹೇಳಿದ ದನಿಯಲ್ಲೇ ಹೊಡೆತ, ನೋವು, ಸುತ್ತಲಿನವರ ಮಾತು ಇವನ್ನೆಲ್ಲ ಹೇಳಲಾಗುತ್ತದೆ. ಈ ದನಿ ಬದಲಾಗದಿರುವುದನ್ನು ಕಲೆಯ ಅಭಾವವೆಂದು ಭಾವಿಸಿದ ಓದುಗರಿದ್ದರೆ ಆಶ್ಚರ್ಯವಿಲ್ಲ. ಮೊದಲ ಓದಿನಲ್ಲಿ ನನಗೂ ಹಾಗೆಯೇ ಅನ್ನಿಸಿತ್ತು. ಎರಡನೆಯ ಓದಿನಲ್ಲಿ ಬೇರೊಂದು ಅಂಶ ಹೊಳೆಯಿತು. ಈ ಪುಟಗಳ ಮೊದಲ ಓದುಗರು ಪಾದ್ರಿಗಳು. ಜನರನ್ನು ತಿದ್ದಲೆಂದೇ ಬಂದಿದ್ದವರ ಕೈಗೆ ತನ್ನ ಜನರ ಹಿಂಸೆಯ ಕಥೆಯನ್ನು ಕೊಡುತ್ತಿರುವ ಲೇಖಕಿ ಒಂದು ಮಾತು ಹೆಚ್ಚಾಡಿದ್ದರೂ ಅದು ತಪ್ಪೊಪ್ಪಿಗೆಯಾಗುತ್ತಿತ್ತು, ಒಂದು ಮಾತು ಕಡಿಮೆಯಾಡಿದ್ದರೆ ಮುಚ್ಚಿಟ್ಟಂತಾಗುತ್ತಿತ್ತು. ಬದಲಾಗದ ಆ ದನಿ ಈ ಇಕ್ಕಟ್ಟಿನಲ್ಲಿ ಕಂಡುಕೊಂಡ ದಾರಿಯೆಂದು ನನ್ನ ತಿಳುವಳಿಕೆ.

ಚಿಕಿತ್ಸೆಗಾಗಿ ಹೋಗುವ ಈ ಪ್ರಯಾಣದ ಹಿಂದೆ ಆ ಕಾಲದ ದೊಡ್ಡದೊಂದು ಸಂಕಟವಿದೆ. ೧೯೫೦ರ ದಶಕದ ಮಧ್ಯಭಾಗದಲ್ಲಿ ಕೆನಡಾದ ಇನುಯಿಟ್ ಜನರಲ್ಲಿ ಏಳರಲ್ಲಿ ಒಬ್ಬರಷ್ಟು ಮಂದಿ ಕ್ಷಯದ ಚಿಕಿತ್ಸೆಗೆಂದು ದಕ್ಷಿಣದ ಆಸ್ಪತ್ರೆಗಳಲ್ಲಿದ್ದರು, ಹಲವರು ಮರಳಲಿಲ್ಲ. ಮನೆಯವರಿಗೆ ಸಮಾಧಿ ಎಲ್ಲಿದೆಯೆಂಬುದೂ ತಿಳಿಯಲಿಲ್ಲ. ಸನಾಕ್ ಹೋಗುವುದು ಬೇರೆ ಕಾರಣಕ್ಕೆ. ಆದರೆ ಆ ಊರಿನ ಓದುಗರಿಗೆ ‘ಹೋಗುವುದು’ ಎಂಬ ಕ್ರಿಯಾಪದದಲ್ಲೇ ಈ ಭಯ ಕೇಳಿಸಿರಬೇಕು.

ನಾಯಿಗಳ ವಿಷಯವೂ ಇಂಥದೇ. ಕಾದಂಬರಿಯಲ್ಲಿ ಅವು ಎಲ್ಲ ಕಡೆಯೂ ಇವೆ: ಬಂಡಿ ಎಳೆಯುತ್ತವೆ, ಜೊತೆಗೆ ನಡೆಯುತ್ತವೆ, ಬೈಗುಳ ತಿನ್ನುತ್ತವೆ. ಸನಾಕ್ ಅವುಗಳೊಡನೆ ಮಾತಾಡುತ್ತಾಳೆ. ೧೯೫೦ ಮತ್ತು ೬೦ರ ದಶಕಗಳಲ್ಲಿ ನುನಾವಿಕ್‌ನ ಬಂಡಿನಾಯಿಗಳನ್ನು ಪೊಲೀಸರೂ ಅಧಿಕಾರಿಗಳೂ ಗುಂಡಿಕ್ಕಿ ಕೊಂದರು. ಅದರೊಂದಿಗೆ ಬೇಟೆಗೆ ಹೋಗುವ ದಾರಿ ಮುಚ್ಚಿತು. ಕ್ವಿಬೆಕ್ ಸರ್ಕಾರ ಇದಕ್ಕಾಗಿ ೨೦೧೧ರಲ್ಲಿ ವಿಷಾದ ಸೂಚಿಸಿತು. ಕೆನಡಾದ ಕೇಂದ್ರ ಸರ್ಕಾರ ೨೦೨೪ರ ನವೆಂಬರಿನಲ್ಲಿ ಕ್ಷಮೆ ಕೇಳಿತು. ಆ ಕ್ಷಮಾಪಣೆ ನಡೆದ ಊರು ಕಂಗಿಕ್ಸುಯುವಾಕ್. ಕಾದಂಬರಿಯಲ್ಲಿ ಈ ಹತ್ಯೆಯನ್ನು ಹುಡುಕಹೊರಡುವುದು ತಪ್ಪಾದೀತು, ಅದರ ಲೋಕ ಅದಕ್ಕಿಂತ ಮೊದಲಿನದು. ಆದರೆ ಇಂದು ಓದುವವರಿಗೆ ಆ ನಾಯಿಗಳ ಬೊಗಳುವಿಕೆ ಮೊದಲಿನಂತೆ ಕೇಳಿಸುವುದಿಲ್ಲ ಎಂಬುದೂ ನಿಜ.

ಕೃತಿಯ ಉತ್ತರಾರ್ಧದ ಬಗೆಗೆ ನನಗೆ ಆಕ್ಷೇಪವಿದೆ. ಕ್ಯಾಥೊಲಿಕ್ ಮತ್ತು ಆಂಗ್ಲಿಕನ್ ಪಾದ್ರಿಗಳು ಅದೇ ಬೆರಳೆಣಿಕೆಯ ಜನರ ಆತ್ಮಗಳಿಗಾಗಿ ಪೈಪೋಟಿ ನಡೆಸುವ ಭಾಗದಲ್ಲಿ ನಿರೂಪಣೆ ಅವಸರಕ್ಕೆ ಬೀಳುತ್ತದೆ. ಪಾತ್ರಗಳು ಒಂದೇ ಸಮನೆ ಹೆಚ್ಚುತ್ತವೆ. ಯಾರು ಯಾರಿಗೆ ಏನಾಗಬೇಕು ಎಂಬುದು ಕೈತಪ್ಪುತ್ತದೆ. ಮೊದಲರ್ಧದಲ್ಲಿ ಒಂದು ಸೀಲನ್ನು ಕೊಯ್ದು ಹಂಚುವುದಕ್ಕೆ ಸಿಗುವ ಜಾಗ ಇಲ್ಲಿ ಒಬ್ಬ ಮನುಷ್ಯ ಮತ ಬದಲಾಯಿಸುವುದಕ್ಕೂ ಸಿಗುವುದಿಲ್ಲ. ಪಾದ್ರಿಗಳೇ ಓದುಗರಾದ ಕಡೆ ಪಾದ್ರಿಗಳ ವಿಚಾರ ಬರೆಯುವ ಸಂಕೋಚ ಇದಕ್ಕೆ ಕಾರಣವಿರಬಹುದು. ಲೇಖಕಿ ಸ್ವತಃ ಕ್ಯಾಥೊಲಿಕ್ ಪ್ರಾರ್ಥನಾಗ್ರಂಥವನ್ನು ತಮ್ಮ ಭಾಷೆಗೆ ತಂದವರು ಎಂಬುದನ್ನೂ ಮರೆಯುವಂತಿಲ್ಲ. ಹಳೆಯ ಆತ್ಮಗಳೂ ಪ್ರಾಣಿಗಳೂ ಮಾತಿಗೆ ಸಿಗುವ ಲೋಕವನ್ನು ಅವರು ಅಳಿಸಿಲ್ಲ, ಹೊಸ ದೇವರನ್ನು ನಿರಾಕರಿಸಿಯೂ ಇಲ್ಲ. ಎರಡನ್ನೂ ಒಂದೇ ಬಿಡಾರದಲ್ಲಿ ಇಟ್ಟಿದ್ದಾರೆ. ಆದರೆ ಅವೆರಡು ಮುಖಾಮುಖಿಯಾಗುವ ಗಳಿಗೆಗಳಲ್ಲಿ ಲೇಖನಿ ಬದಿಗೆ ಸರಿಯುತ್ತದೆ ಎಂಬುದು ನನ್ನ ಓದಿನ ಅನುಭವ.

ಇನ್ನು ಆರಂಭದಲ್ಲಿ ಹೇಳಿದ ಮಿತಿಯ ವಿಷಯ. ಇಂಗ್ಲಿಷ್ ಅನುವಾದ ಇನುಕ್ಟಿಟುಟ್‌ನ ಬಹಳಷ್ಟು ಪದಗಳನ್ನು ಹಾಗೆಯೇ ಉಳಿಸಿಕೊಂಡು ಕೊನೆಯಲ್ಲಿ ಪದಕೋಶ ಕೊಟ್ಟಿದೆ. ಸದುದ್ದೇಶದ ಕ್ರಮ. ಆದರೆ ಓದುವಾಗ ಒಂದು ಬೆರಳನ್ನು ಕೊನೆಯ ಪುಟಗಳಲ್ಲಿ ಸಿಕ್ಕಿಸಿಕೊಂಡೇ ಇರಬೇಕಾಯಿತು. ಕಾದಂಬರಿಯನ್ನು ಬಿಟ್ಟು ಮತ್ತೆ ನಿಘಂಟಿಗೆ ಹೋಗುವುದು ನನ್ನ ಪಾಲಿಗೆ ಬಂತು. ಪದಕೋಶವನ್ನು ಮೀರಿ ಬರೆದ ಲೇಖಕಿಯನ್ನು ಅನುವಾದ ಮರಳಿ ಪದಕೋಶದ ಬಾಗಿಲಿಗೆ ತಂದು ನಿಲ್ಲಿಸಿದಂತಾಗಿದೆ. ಇದಕ್ಕಿಂತ ದೊಡ್ಡ ನಷ್ಟ ಸಂಬಂಧವಾಚಕಗಳಲ್ಲಿ ಆಗಿರಬೇಕು. ಇನುಕ್ಟಿಟುಟ್‌ನಲ್ಲಿ ತನ್ನದೇ ಲಿಂಗದ ಹಿರಿಯ ಒಡಹುಟ್ಟಿಗೆ ಅಂಗಯುಕ್, ಕಿರಿಯ ಒಡಹುಟ್ಟಿಗೆ ನುಕಾಕ್. ಹೆಂಗಸಿನ ಅಣ್ಣತಮ್ಮಂದಿರಿಗೆ ಒಂದು ಪದ, ಗಂಡಸಿನ ಅಕ್ಕತಂಗಿಯರಿಗೆ ಇನ್ನೊಂದು. ಇಂಗ್ಲಿಷಿನ ಸಿಸ್ಟರ್ ಎಂಬ ಪದ ಹಿರಿತನ ಕಿರಿತನವನ್ನು ಹೇಳಲಾರದು. ಅರ್ನಾತುಯಿನ್ನಾಕ್ ತಂಗಿ ಎಂದು ನಾನು ಕನ್ನಡದಲ್ಲಿ ಬರೆದೊಡನೆ ಅವಳ ಮೇಲೆ ಸನಾಕ್ ನಡೆಸುವ ದರ್ಬಾರಿನ ಅರ್ಧ ಅರ್ಥವಾಗಿಬಿಡುತ್ತದೆ. ಸತ್ತವರ ಹೆಸರನ್ನು ಹುಟ್ಟಿದ ಮಗುವಿಗಿಟ್ಟು, ಆ ಸತ್ತವರಿಗೆ ಸಲ್ಲುತ್ತಿದ್ದ ಸಂಬಂಧದಿಂದಲೇ ಮಗುವನ್ನು ಕರೆಯುವ ಪದ್ಧತಿ ಅಲ್ಲಿದೆ. ತಾಯಿ ತನ್ನ ಕೂಸನ್ನು ಅಮ್ಮ ಎನ್ನುವುದುಂಟು. ಮೊಮ್ಮಗನಿಗೆ ತಾತನ ಹೆಸರಿಟ್ಟು, ಆ ಹೆಸರು ಹಿಡಿದು ಕೂಗಲಾರದೆ ಮಗುವನ್ನೇ ಅಪ್ಪಯ್ಯ ಎಂದು ಕರೆಯುವ ಮನೆಗಳನ್ನು ಬಲ್ಲ ಕನ್ನಡ ಓದುಗರಿಗೆ ಇದಕ್ಕೆ ಅಡಿಟಿಪ್ಪಣಿ ಬೇಕಾಗದು.

ಮೂಲದಿಂದ ನೇರವಾಗಿ ಅನುವಾದಿಸಿದಾಗ ಏನು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಅದೇ ಸೀಮೆಯ ಇನ್ನೊಂದು ಕೃತಿ ಸಾಕ್ಷಿಯಾಗಿದೆ. ಇನುಕ್ಜುವಾಕ್‌ನಲ್ಲಿ ಹುಟ್ಟಿ, ೧೯೫೩ರಲ್ಲಿ ಸರ್ಕಾರ ಕುಟುಂಬಗಳನ್ನು ಉತ್ತರಧ್ರುವದ ಸಮೀಪಕ್ಕೆ ಸ್ಥಳಾಂತರಿಸಿದಾಗ ರೆಸೊಲ್ಯೂಟ್‌ಗೆ ಹೋದ ಮಾರ್ಕೂಸಿ ಪಟ್ಸಾಕ್ (ನಿಧನ ೨೦೨೦) ಬರೆದ ಬೇಟೆಗಾರನ ಕಥೆ ೧೯೭೦ರಲ್ಲಿ ಲೇಖಕರದೇ ಇಂಗ್ಲಿಷಿನಲ್ಲಿ ಪ್ರಕಟವಾಗಿ ಹಲವು ಭಾಷೆಗಳಿಗೆ ಹೋಯಿತು. ಹೋದದ್ದು ಇಂಗ್ಲಿಷ್ ರೂಪ. ಇನುಕ್ಟಿಟುಟ್ ಮೂಲ ಅದಕ್ಕಿಂತ ಸಾಕಷ್ಟು ಬೇರೆಯಾಗಿದೆಯೆಂಬುದನ್ನು ತೋರಿಸಿ, ಮೂಲದಿಂದಲೇ ಹೊಸ ಇಂಗ್ಲಿಷ್ ಫ್ರೆಂಚ್ ಅನುವಾದಗಳನ್ನು ವ್ಯಾಲರಿ ಹೆನಿಟ್ಯುಕ್ ಮತ್ತು ಮಾರ್ಕ್-ಆಂತ್ವಾನ್ ಮಾಯು ಸಿದ್ಧಗೊಳಿಸುವ ಹೊತ್ತಿಗೆ ಅರ್ಧ ಶತಮಾನ ಕಳೆದಿತ್ತು. ‘ಸನಾಕ್’ ಕೃತಿಗೆ ಇಂಥ ಇಂಗ್ಲಿಷ್ ರೂಪ ಇನ್ನೂ ಬರಬೇಕಾಗಿದೆ.

ಹೊರನಾಡಿನಲ್ಲಿ ಕುಳಿತು ಕೆಲಸ ಮಾಡುವ ನಾವು ಜಗತ್ತಿನ ಇಂಥ ಕೃತಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದನ್ನು ಸಹಜವೆಂದೇ ತಿಳಿದಿದ್ದೇವೆ. ಈ ಕೃತಿಯನ್ನು ಹಾಗೆ ತಂದರೆ ಮೂರನೆಯ ಹೊಳೆಯನ್ನೂ ದಾಟಿಸಿದಂತೆ. ಕನ್ನಡಕ್ಕೆ ತರುವವರು ಯಾರಾದರೂ ಮುಂದೆ ಬಂದರೆ ೧೯೮೪ರ ಪುಸ್ತಕವನ್ನು ಎದುರಿಗಿಟ್ಟುಕೊಂಡು ಆ ತಿರುಗುವ ಅಕ್ಷರಗಳನ್ನು ಕಲಿತೇ ಆರಂಭಿಸಬೇಕೆಂದು ನಾನು ಹೇಳುತ್ತೇನೆ. ಕಷ್ಟವಾದರೂ ಕೆಲವು ಕಡೆ ನಮ್ಮ ಭಾಷೆ ನೆರವಿಗೆ ಬಂದೀತು. ಒಬ್ಬರೇ ಕರ್ತೃವಿನ ಹಲವು ಕ್ರಿಯೆಗಳನ್ನು ಒಂದು ಸರದಲ್ಲಿ ಪೋಣಿಸುವ ಕ್ರಿಯಾರೂಪ ಇನುಕ್ಟಿಟುಟ್‌ನಲ್ಲಿದೆ. ಇಂಗ್ಲಿಷ್ ಅದನ್ನು ತುಂಡು ತುಂಡು ವಾಕ್ಯವಾಗಿ ಒಡೆಯುತ್ತದೆ. ಕನ್ನಡದಲ್ಲಿ ಒಡೆಯಬೇಕಾಗಿಲ್ಲ. ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಊಲುವನ್ನು ತೆಗೆದುಕೊಂಡು, ನಾಯಿಗಳನ್ನು ಕರೆದು, ಮಗಳಿಗೆ ಹೇಳಿ, ಸನಾಕ್ ಹೊರಟಳು.